ಅಜ್ಜಿ ಕಾಲದ ಬೀಟೆ ಡ್ರೆಸ್ಸಿಂಗ್ ಟೇಬಲ್: ಪಾಲಿಷ್ ಹೊಡೆಸೋದಾ, ಹಾಗೇ ಬಿಡೋದಾ, ಕೊಟ್ಟುಬಿಡೋದಾ?

ತೋಟದಮನೆ_ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ. ನಮ್ಮ ಅತ್ತೆಯ ಅತ್ತೆ ಬಳಸುತ್ತಿದ್ದ ಡ್ರೆಸ್ಸಿಂಗ್ ಟೇಬಲ್ ಒಂದು ಮೆತ್ತಿನ (ಮಹಡಿಯ) ಮೇಲೆ ಬಿದ್ದಿದೆ. ಎರಡು ಕಂಬದ ನಡುವೆ ಹಿಂದೆ ಮುಂದೆ ವಾಲುವ ಕನ್ನಡಿ, ಕನ್ನಡಿಯ ಬುಡದಲ್ಲಿ ಎರಡು ಪುಟ್ಟ ಡ್ರಾ, ಕೆಳಗೆ ಎರಡು ದೊಡ್ಡ ಡ್ರಾ, ಕಡಚಲು ಕಾಲು, ಹಿತ್ತಾಳೆ ಹಿಡಿ. ಬೀಟೆ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ.

ಈಗ ಕನ್ನಡಿಯ ಅಂಚಿಗೆ ಕಪ್ಪು ಚುಕ್ಕೆ ಬಂದಿದೆ. ಮೇಲ್ಗಡೆ ಹಲಗೆ ಬೆಳ್ಳಗೆ ಮಂಕಾಗಿದೆ, ಲೋಟ ಇಟ್ಟ ಗುರುತು ಬೇರೆ. ಮಳೆ ಹಿಡಿದ ಮೇಲೆ ಒಂದು ಡ್ರಾ ಜಪ್ಪಯ್ಯ ಅಂದರೂ ಹೊರಗೆ ಬರುತ್ತಿಲ್ಲ. ಕೆಳಗೆ ನೆಲದ ಮೇಲೆ ಹಿಟ್ಟಿನಂಥ ಪುಡಿ ಬೀಳುತ್ತಿದೆ.

ಹಳೇ ಸಾಮಾನು ಕೊಳ್ಳುವವರೊಬ್ಬರು ಬಂದು 15 ಸಾವಿರ ಕೊಡುತ್ತೇನೆ ಅಂದರು. ನಮ್ಮೂರಿನ ಆಚಾರ್ರು ಎಲ್ಲ ಕೆರೆದು ಪಿಯು (ಪಾಲಿಯುರೆಥೇನ್) ಪಾಲಿಷ್ ಹೊಡೆದು ಹೊಸ ಕನ್ನಡಿ ಕೂರಿಸಿಕೊಡುತ್ತೇನೆ ಅನ್ನುತ್ತಾರೆ. ನಮ್ಮ ಮನೆಯವರಿಗೆ ಜಾಗ ಖಾಲಿಯಾದರೆ ಸಾಕು. ನನಗೆ ಅದನ್ನು ಮಲಗುವ ಕೋಣೆಗೆ ಇಳಿಸಿಕೊಂಡು ಬಳಸುವ ಆಸೆ. ಎಂತ ಮಾಡೋದು ಹೇಳಿ.

ದುರ್ಗಿಗುಡಿ_ಬಾಯ್
15 ಸಾವಿರಕ್ಕಾ? ಆ ಮನುಷ್ಯ ನಿಮ್ಮ ಮನೆ ಮೆಟ್ಟಿಲು ಇಳಿಯುವಾಗ ನಗುತ್ತಿರಲಿಲ್ಲವಾ?

ಅಪ್ಪೆಮಿಡಿ
ಕೊಡಬೇಡಿ ಕೊಡಬೇಡಿ ಕೊಡಬೇಡಿ.

ಉಳಿ_ಸುತ್ತಿಗೆ
ನಾನು ಇದೇ ಕಸುಬಿನವನು, ಸಾಗರದ ಕಡೆ. ಮೊದಲು ಆಚಾರ್ರಿಗೆ ಬೇಡ ಅನ್ನಿ. ಅವರ ಮೇಲೆ ಸಿಟ್ಟಿಲ್ಲ. ಈಗ ಗಿರಾಕಿಗಳೆಲ್ಲ ಪಳಪಳ ಅನ್ನಬೇಕು ಅಂತಾರೆ, ಅವರೂ ಅದನ್ನೇ ಮಾಡುತ್ತಾರೆ.

ನಿಮ್ಮ ಟೇಬಲ್ ಮೇಲಿರುವುದು ಬಹುಶಃ ಅರಗಿನ ಪಾಲಿಷ್. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಹತ್ತಿ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ, ತೆಳ್ಳಗೆ ಮತ್ತೆ ಮತ್ತೆ ಉಜ್ಜಿ ಹಚ್ಚುವುದು. ಫ್ರೆಂಚ್ ಪಾಲಿಷ್ ಅನ್ನೋದು ಅದಕ್ಕೇ. ಗೊತ್ತಾಗಬೇಕಾದರೆ ಕಾಣದ ಜಾಗದಲ್ಲಿ, ಅಂದರೆ ಹಿಂಬದಿ ಕಾಲಿನ ಒಳಮೈಗೆ, ಹತ್ತಿಯಲ್ಲಿ ಒಂದು ಹನಿ ಸ್ಪಿರಿಟ್ ತಾಗಿಸಿ. ಅಂಟಂಟಾದರೆ ಅರಗು. ಏನೂ ಆಗದಿದ್ದರೆ ಆಮೇಲೆ ಯಾರೋ ಬೇರೆ ಏನನ್ನೋ ಹೊಡೆಸಿದ್ದಾರೆ.

ಅರಗಿಗೆ ನೀರು, ಬಿಸಿ, ತೇವ ಮೂರೂ ಆಗಲ್ಲ. ಬೆಳ್ಳಗಾಗುತ್ತದೆ. ಆದರೆ ಅದು ಮರದ ಕಾಯಿಲೆ ಅಲ್ಲ, ಮೇಲಿನ ಪದರದ್ದು ಅಷ್ಟೆ. ಸ್ಪಿರಿಟ್ ಹನಿಸಿ ಹಿಂಡಿದ ಬಟ್ಟೆಯನ್ನು ಹಗುರವಾಗಿ ಆಡಿಸಿದರೆ ಹಳೇ ಪದರವೇ ಮತ್ತೆ ಕೂಡಿಕೊಳ್ಳುತ್ತದೆ. ಪಿಯುಗೆ ಈ ಗುಣ ಇಲ್ಲ. ಅದು ಒಂದು ಕಡೆ ಎದ್ದರೆ ಪೂರ್ತಿ ಕೆರೆದೇ ಹೊಸದು ಹೊಡೆಯಬೇಕು. ಆಗ ಮರವೂ ಸ್ವಲ್ಪ ಸ್ವಲ್ಪ ಹೋಗುತ್ತದೆ. ಕಡಚಲು ಕಾಲಿನ ಗೀರುಗಳನ್ನು ಸ್ಯಾಂಡ್ ಪೇಪರ್ ಹಾಕಿ ಉಜ್ಜಿದರೆ ಚೂಪೆಲ್ಲ ಮೊಂಡಾಗಿ ಹೋಗುತ್ತದೆ.

ಡ್ರಾ ವಿಷಯ: ಈಗ ಕೀಸುಳಿ ಹೊಡೆಸಲೇಬೇಡಿ. ಮರ ಮಳೆಗಾಲದಲ್ಲಿ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚುಕಮ್ಮಿ ಏನೂ ಆಗಲ್ಲ. ಈಗ ಕೀಸಿದರೆ ಮಾರ್ಚ್‌ನಲ್ಲಿ ಲಟಪಟ ಅಂತ ಅಲ್ಲಾಡುತ್ತದೆ. ಬೇಸಿಗೆಯಲ್ಲಿ ತಾನಾಗಿ ಬಂದಾಗ ಓಡುವ ಜಾಗಕ್ಕೆ ಮೇಣದಬತ್ತಿ ಉಜ್ಜಿ.

ಗೂಡಂಗಡಿ
ಸ್ಪಿರಿಟ್ ಮನೆಗೆ ತಂದಿಟ್ಟರೆ ಪಾಲಿಷ್‌ಗೆ ಉಳಿಯುತ್ತದಾ ಅನ್ನೋದು ಬೇರೆ ಪ್ರಶ್ನೆ 😄

ಉಳಿ_ಸುತ್ತಿಗೆ
ಹಾರ್ಡ್‌ವೇರ್ ಅಂಗಡಿಯದು ವಿಷ ಮಾರಾಯ್ರೇ. ತಮಾಷೆಗೂ ಬೇಡ.

ಬೀಟೆಮರ
ಒಂದು ನಿಮಿಷ. ಅದು ಬೀಟೆ ಅಂತ ಹೇಗೆ ಹೇಳುತ್ತೀರಿ? ಮಲೆನಾಡಿನಲ್ಲಿ ಕಪ್ಪಗಿರುವ ಹಳೇ ಮರ ಎಲ್ಲ ಬೀಟೆಯೇ. ಮತ್ತಿ ಮರದಲ್ಲೂ ಕಪ್ಪು ಗೆರೆ ಇರುತ್ತದೆ, ಬಣ್ಣ ಹಚ್ಚಿದರೆ ಒಳ್ಳೊಳ್ಳೆಯವರು ಮೋಸ ಹೋಗುತ್ತಾರೆ. ಹೊನ್ನೆಗೂ ಬಣ್ಣ ಹಚ್ಚಿ ದಾಟಿಸುತ್ತಾರೆ.

ಡ್ರಾ ಹೊರಗೆ ತೆಗೆದು ಪಾಲಿಷ್ ತಾಗದ ಜಾಗ ನೋಡಿ. ಬೀಟೆಯಾದರೆ ನೇರಳೆ ಮಿಶ್ರಿತ ಕಂದು, ಮಧ್ಯೆ ಕಪ್ಪು ಗೆರೆ. ಸ್ವಲ್ಪ ಕೆರೆದರೆ ತೆಳ್ಳಗೆ ಸಿಹಿ ವಾಸನೆ ಬರುತ್ತದೆ. ಹೊನ್ನೆಯಾದರೆ ಹಳದಿ ಕಡೆಗೆ ವಾಲುತ್ತದೆ. ಅದರ ಚಕ್ಕೆಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಬೆಳಕಿಗೆ ಹಿಡಿದರೆ ನೀರು ನೀಲಿ ಛಾಯೆ ಹೊಡೆಯುತ್ತದೆ.

ತೂಕವೂ ಸುಳಿವು ಕೊಡುತ್ತದೆ. ಒಣಗಿದ ಬೀಟೆ ಘನ ಮೀಟರಿಗೆ ಸುಮಾರು 830 ಕಿಲೊ, ತೇಗ ಸುಮಾರು 650. ಒಬ್ಬರೇ ಎತ್ತಿ ಮೆಟ್ಟಿಲು ಇಳಿಸಿದರೆ ಅದು ಬೀಟೆ ಆಗಿರಲಿಕ್ಕಿಲ್ಲ.

ದುರ್ಗಿಗುಡಿ_ಬಾಯ್
ಅಪ್ಪಟ ಬೀಟೆ ಹೇಗಿರುತ್ತದೆ ಅಂತ ಕಣ್ಣಿಗೆ ರೂಢಿಯಾಗಬೇಕಾದರೆ ಶಿವಮೊಗ್ಗದ ಶಿವಪ್ಪನಾಯಕ ಅರಮನೆಗೆ ಹೋಗಿ ಕಂಬ ನೋಡಿ ಬನ್ನಿ. ಈಗ ಮ್ಯೂಸಿಯಂ. ಜನ ವಿಗ್ರಹ ನೋಡಿ ಹೊರಗೆ ಬರುತ್ತಾರೆ, ಕಂಬದ ಕಡೆ ಯಾರೂ ನೋಡಲ್ಲ.

ಎಸ್ಟೇಟ್_ರೈಟರ್
ಬೀಟೆಮರ ಅವರೇ, ಪಾಯಿಂಟ್ ಸರಿ. ಆದರೆ ಮಲೆನಾಡಿನ ಹಳೇ ಫರ್ನಿಚರ್‌ನಲ್ಲಿ ಒಂದೇ ಮರ ಇರೋದೇ ಅಪರೂಪ. ಮುಂದೆ ಕಾಣುವಲ್ಲಿ ಬೀಟೆ, ಡ್ರಾ ಒಳಗೆ ತೇಗ ಅಥವಾ ಹಲಸು, ಕನ್ನಡಿ ಹಿಂದಿನ ಹಲಗೆಗೆ ಕೈಗೆ ಸಿಕ್ಕಿದ ಅಗ್ಗದ ಮರ. ನಾವು ಕೊಪ್ಪ ಕಡೆ. ನಮ್ಮ ಕಡೆ ಆ ಹಿಂದಿನ ಹಲಗೆ ಸಿಲ್ವರ್ ಓಕ್ ಆಗಿರುತ್ತದೆ, ಕಾಫಿ ತೋಟದ ನೆರಳಿನ ಮರ. ಪುಡಿ ಬೀಳುತ್ತಿರುವುದು ಅಲ್ಲಿಂದಲೇ ಇರಬೇಕು. ನೋಡಿ ಹೇಳಿ.

ಈ ವಾಲುವ ಕನ್ನಡಿಯ ಮಾದರಿ ಇಂಗ್ಲೆಂಡಿನಿಂದ ಬಂದದ್ದು. ಅಲ್ಲಿ ಮಹಾಗನಿಯಲ್ಲಿ ಮಾಡಿದ್ದನ್ನು ಇಲ್ಲಿ ಬೀಟೆ, ತೇಗದಲ್ಲಿ ಮಾಡಿದರು. ಪ್ಲಾಂಟರುಗಳ ಬಂಗಲೆಗೆ ನಮ್ಮ ಆಚಾರ್ರೇ ಮಾಡಿಕೊಟ್ಟಿದ್ದು. ಸ್ವಾತಂತ್ರ್ಯ ಬಂದ ಮೇಲೆ ಆ ದೊರೆಗಳು ತೋಟ ಮಾರಿ ಹೊರಟಾಗ ಸಾಮಾನೂ ಕೈ ಬದಲಾಯಿತು. ಎಷ್ಟೋ ಅಡಿಕೆ ಮನೆಗಳಿಗೆ ಹೀಗೇ ಬಂದು ಸೇರಿದೆ.

ಮಲ್ಲಿಗೆ_ದಂಡೆ
ಅದಕ್ಕೇ ನಮ್ಮ ಅಜ್ಜಿ ಅದರ ಮುಂದೆ ಕೂರುತ್ತಲೇ ಇರಲಿಲ್ಲ 🙂 ಅಜ್ಜಿಗೆ ಕನ್ನಡಿ ಪೆಟ್ಟಿಗೆ ಸಾಕು. ಮುಚ್ಚಳದ ಒಳಗೆ ಕನ್ನಡಿ, ಒಳಗೆ ಬಾಚಣಿಗೆ, ಕಾಡಿಗೆ, ಚೌರಿ, ಕುಂಕುಮದ ಭರಣಿ, ಕುಂಕುಮದ ಕೆಳಗೆ ಹಚ್ಚುವ ಮೇಣ. ಜಗಲಿಯಲ್ಲಿ ಬೆಳಕಿಗೆ ಕೂತು ತಲೆ ಬಾಚಿ, ಮುಚ್ಚಿ, ಅಟ್ಟಕ್ಕೆ. ಡ್ರೆಸ್ಸಿಂಗ್ ಟೇಬಲ್ ಮನೆಗೆ ಬಂದಿದ್ದು ಚಿಕ್ಕಪ್ಪನ ಮದುವೆಗೆ, ಚಿಕ್ಕಮ್ಮನ ಜೊತೆ.

ತೋಟದಮನೆ_ಸೊಸೆ
ಎಸ್ಟೇಟ್ ರೈಟರ್ ಅಣ್ಣ ಹೇಳಿದ ಹಾಗೆಯೇ! ಟಾರ್ಚ್ ಹಿಡಿದು ನೋಡಿದೆ. ಕಾಲು, ಮೈ ಎಲ್ಲ ಗಟ್ಟಿ. ಕನ್ನಡಿಯ ಹಿಂದಿನ ಹಲಗೆ ತುಂಬಾ ಸಣ್ಣ ಸಣ್ಣ ತೂತು. ಪುಡಿ ಅಲ್ಲಿಂದ. ಡ್ರಾ ಒಳಗೆ ನೇರಳೆ ಬಣ್ಣ ಇಲ್ಲ, ಹಳದಿ. ಆದರೆ ಡ್ರಾ ಮುಖದ ಹಲಗೆಯ ಒಳಬದಿ ನೇರಳೆ, ಕಪ್ಪು ಗೆರೆ ಇದೆ.

ಬೀಟೆಮರ
ಹಾಗಾದರೆ ಮುಖ ಬೀಟೆ, ಒಳಗೆ ಹಲಸು. ಖುಷಿ ಪಡಿ. ಹಲಸು ಏನೂ ಕಡಿಮೆ ಅಲ್ಲ.

ಉಳಿ_ಸುತ್ತಿಗೆ
ಕುಟ್ಟೆ ಹುಳ ಹೆಚ್ಚಾಗಿ ತಿನ್ನೋದು ಮರದ ಹೊರಗಿನ ಬಿಳಿ ಭಾಗ. ಬೀಟೆಯ ಕೆಚ್ಚಿಗೆ, ಅಂದರೆ ಒಳಗಿನ ಗಟ್ಟಿ ಕಪ್ಪು ಭಾಗಕ್ಕೆ, ಸಾಮಾನ್ಯವಾಗಿ ಬರಲ್ಲ. ಪುಡಿ ಹೊಸದಾ ಹಳೇದಾ ಗೊತ್ತಾಗಬೇಕಾದರೆ ಎಲ್ಲ ಗುಡಿಸಿ, ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಡಿ. ಮತ್ತೆ ಬಿದ್ದರೆ ಹುಳ ಬದುಕಿದೆ. ಆ ಹಲಗೆ ಬದಲಾಯಿಸೋದೇ ಒಳ್ಳೇದು, ಅದೇನು ನಾಲ್ಕು ಸ್ಕ್ರೂ ಕೆಲಸ. ಬದಲಾಯಿಸಲ್ಲ ಅಂದರೆ ಮರದ ಹುಳದ ಔಷಧಿ ತಂದು ಸಿರಿಂಜ್‌ನಲ್ಲಿ ತೂತು ತೂತಿಗೂ ಹಾಕಿ, ಮೇಣದಿಂದ ಮುಚ್ಚಿ. ಮಲಗುವ ಕೋಣೆಗೆ ತರೋ ಮೊದಲು ಕೆಲವು ದಿನ ಗಾಳಿಯಾಡುವ ಜಗಲಿಯಲ್ಲಿಡಿ. ತೋಟಕ್ಕೆ ತಂದ ಔಷಧಿ ಉಳಿದಿದೆ ಅಂತ ಅದನ್ನೇ ಹೊಡೆಯಬೇಡಿ, ಅದರ ಜೊತೆ ಮಲಗಬೇಕಾದವರು ನೀವು.

ಸೋಗೆಮನೆ
ಸೀಮೆಎಣ್ಣೆ ಹಚ್ಚಿದರೆ ಆಯಿತಪ್ಪ. ನಮ್ಮ ಅಪ್ಪ ಅದನ್ನೇ ಮಾಡುತ್ತಿದ್ದರು.

ಉಳಿ_ಸುತ್ತಿಗೆ
ಸೀಮೆಎಣ್ಣೆ ವಾಸನೆ ಇರುವಷ್ಟು ದಿನ ಹುಳ ಸುಮ್ಮನಿರುತ್ತದೆ. ಆಮೇಲೆ?

ಸೋಗೆಮನೆ
ಆಮೇಲೆ ಮತ್ತೆ ಹಚ್ಚೋದು.

ಅಪ್ಪೆಮಿಡಿ
ಹುಳಕ್ಕಿಂತ ಮೊದಲು ಮನೆಗೆ ಬೆಂಕಿ ಬೀಳುತ್ತೆ.

ಮಲ್ಲಿಗೆ_ದಂಡೆ
ಮೇಲಿನ ಹಲಗೆಗೆ ಕೊಬ್ಬರಿ ಎಣ್ಣೆ ಉಜ್ಜಿದರೆ ಹೊಳೆಯುತ್ತದೆ ಅಂತ ನಮ್ಮಲ್ಲಿ ಮಾಡುತ್ತಾರೆ. ಹಬ್ಬ ಬಂತು ಅಂದರೆ ಕಂಬ, ಬಾಗಿಲು, ಟೇಬಲ್ ಎಲ್ಲದಕ್ಕೂ ಎಣ್ಣೆ.

ಉಳಿ_ಸುತ್ತಿಗೆ
ಅಕ್ಕ, ಬೇಡ. ಕೊಬ್ಬರಿ ಎಣ್ಣೆ ಒಣಗೋ ಎಣ್ಣೆ ಅಲ್ಲ. ಧೂಳು ಹಿಡಿಯುತ್ತದೆ, ಕಮಟು ಬರುತ್ತದೆ, ಮುಂದೆ ಪಾಲಿಷ್ ಹಚ್ಚಿದರೆ ಕೂರಲ್ಲ.

ಮಲ್ಲಿಗೆ_ದಂಡೆ
ನೂರು ವರ್ಷದಿಂದ ಮಾಡಿಕೊಂಡು ಬಂದಿದ್ದಾರೆ, ಕಂಬ ಬಿದ್ದಿಲ್ಲ.

ರಸಾಯನ_ಮೇಷ್ಟ್ರು
ಕಂಬ ಎಣ್ಣೆಯಿಂದ ನಿಂತಿಲ್ಲ ತಾಯಿ, ಬೀಟೆ ಅಂತ ನಿಂತಿದೆ 🙂 ಒಲೆ ಹೊಗೆ ಇದ್ದ ಮನೆಯಲ್ಲಿ ಎಣ್ಣೆ, ಮಸಿ ಎರಡೂ ಸೇರಿ ಕಪ್ಪು ಪದರ ಆಗುತ್ತಿತ್ತು. ಆ ಲೆಕ್ಕ ಬೇರೆ. ಅರಗಿನ ಪಾಲಿಷ್ ಇರುವ ಟೇಬಲ್‌ಗೆ ಜೇನುಮೇಣ ಸಾಕು. ಜೇನುಮೇಣ ಹೆರೆದು ಟರ್ಪೆಂಟೈನ್‌ನಲ್ಲಿ ನೆನೆಸಿಟ್ಟರೆ ಮಾರನೇ ದಿನ ಬೆಣ್ಣೆ ಥರ ಮೆತ್ತಗಾಗುತ್ತದೆ. ಒಲೆ ಮೇಲೆ ಇಟ್ಟು ಕರಗಿಸಲು ಹೋಗಬೇಡಿ, ಹತ್ತಿಕೊಳ್ಳುತ್ತದೆ. ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಉಜ್ಜಿ. ವರ್ಷಕ್ಕೆ ಒಂದೆರಡು ಸಲ ಸಾಕು.

ಹಿನ್ನೀರು
ಕನ್ನಡಿ ಬಗ್ಗೆ ಯಾರೂ ಹೇಳಲಿಲ್ಲ. ಅದು ಬೆಲ್ಜಿಯಂ ಕನ್ನಡಿ ಇರಬೇಕು. ಎಸೆಯಬೇಡಿ. ಉಗುರು ಇಟ್ಟು ನೋಡಿ: ಉಗುರಿಗೂ ಅದರ ಬಿಂಬಕ್ಕೂ ನಡುವೆ ಜಾಗ ಕಂಡರೆ ಅಸಲಿ ಬೆಲ್ಜಿಯಂ.

ರಸಾಯನ_ಮೇಷ್ಟ್ರು
ಈ ಉಗುರಿನ ಕಥೆಗೆ ಸಾವೇ ಇಲ್ಲ. ಬೆಳ್ಳಿ ಪದರ ಗಾಜಿನ ಹಿಂಬದಿಗಿದ್ದರೆ ಯಾವ ಕನ್ನಡಿಯಲ್ಲಾದರೂ ಉಗುರಿಗೂ ಬಿಂಬಕ್ಕೂ ಅಂತರ ಕಾಣುತ್ತದೆ. ಗಾಜು ದಪ್ಪ ಇದ್ದರೆ ಜಾಸ್ತಿ, ತೆಳ್ಳಗಿದ್ದರೆ ಕಮ್ಮಿ. ನಿನ್ನೆ ಗಾಂಧಿ ಬಜಾರಿನಲ್ಲಿ ಕೊಂಡ ಕನ್ನಡಿಯೂ ಆ ಲೆಕ್ಕದಲ್ಲಿ ಬೆಲ್ಜಿಯಂ.

ಹಿನ್ನೀರು
ಬೆಲ್ಜಿಯಂ ಗಾಜು ಅನ್ನೋದೇ ಸುಳ್ಳಾ ಹಾಗಾದರೆ?

ರಸಾಯನ_ಮೇಷ್ಟ್ರು
ಸುಳ್ಳಲ್ಲ. ಬೆಲ್ಜಿಯಂ ಒಳ್ಳೆ ಗಾಜು ಮಾಡಿ ಜಗತ್ತಿಗೆ ಕಳಿಸಿದ್ದು ನಿಜ. ಆದರೆ ನಮ್ಮಲ್ಲಿ ಹಳೇ ಕನ್ನಡಿಗೆಲ್ಲ ಆ ಹೆಸರು ಅಂಟಿಬಿಟ್ಟಿದೆ. ಅಂಚನ್ನು ಓರೆಯಾಗಿ ಅರೆದಿದ್ದರೆ, ಗಾಜು ಸ್ವಲ್ಪ ಅಲೆ ಅಲೆ ಕಂಡರೆ ಹಳೇದು ಅನ್ನಬಹುದು. ದೇಶ ಯಾವುದು ಅಂತ ಉಗುರು ಹೇಳಲ್ಲ.

ಚುಕ್ಕೆ ಯಾಕೆ ಬರುತ್ತದೆ ಅಂದರೆ: ಹಿಂದೆ ಗಾಜಿಗೆ ತವರ, ಪಾದರಸ ಸೇರಿಸಿ ಬಳಿಯುತ್ತಿದ್ದರು. 1835ರಲ್ಲಿ ಜರ್ಮನಿಯ ಲೀಬಿಗ್ ಬೆಳ್ಳಿ ಕೂರಿಸುವ ರಸಾಯನ ವಿಧಾನ ತೋರಿಸಿಕೊಟ್ಟ. ನಮ್ಮ ಮನೆಗಳಲ್ಲಿ ಇರುವುದೆಲ್ಲ ಬಹುಪಾಲು ಬೆಳ್ಳಿಯವೇ. ಆ ಪದರ ತುಂಬಾ ತೆಳು, ಹಿಂದೆ ಬಣ್ಣ ಬಳಿದು ಕಾಯುತ್ತಾರೆ. ತೇವ ಅಂಚಿನಿಂದ ನುಗ್ಗಿದರೆ ಬೆಳ್ಳಿ ಕಪ್ಪಾಗುತ್ತದೆ. ಆಗುಂಬೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಕಾಣುವ ಊರು, ನೀವು ಅದರ ಬುಡದಲ್ಲೇ ಇದ್ದೀರಿ. ಚುಕ್ಕೆ ಬರದಿದ್ದರೆ ಆಶ್ಚರ್ಯ!

ಚುಕ್ಕೆ ಇರೋದು ಅಂಚಿಗೆ ತಾನೆ? ಮುಖ ಕಾಣುತ್ತದಲ್ಲ? ಬಿಡಿ. ಗೋಡೆಗೆ ಒತ್ತಿ ಇಡಬೇಡಿ, ಹಿಂದೆ ಗಾಳಿಗೆ ಜಾಗ ಕೊಡಿ. ಗಾಜು ಒರೆಸುವ ಸ್ಪ್ರೇ ನೇರ ಕನ್ನಡಿಗೆ ಹೊಡೆಯಬೇಡಿ, ಅದು ಕೆಳಗೆ ಹರಿದು ಅಂಚಿಗೆ ಸೇರುತ್ತದೆ. ಬಟ್ಟೆ ಸ್ವಲ್ಪ ಒದ್ದೆ ಮಾಡಿ ಒರೆಸಿ, ತಕ್ಷಣ ಒಣಬಟ್ಟೆ ಆಡಿಸಿ.

ಸೋಗೆಮನೆ
ಮೇಷ್ಟ್ರು ರಿಟೈರ್ ಆದರೂ ಪಾಠ ಬಿಟ್ಟಿಲ್ಲ.

ದುರ್ಗಿಗುಡಿ_ಬಾಯ್
ವಾಸ್ತು ಗಿರಾಕಿಗಳು ಇನ್ನೂ ಬಂದಿಲ್ಲ ಯಾಕೆ? ಮಂಚದ ಎದುರಿಗೆ ಕನ್ನಡಿ ಇಡಬಾರದು ಅಂತ ಯಾರಾದರೂ ಹೇಳಲೇಬೇಕಲ್ಲ.

ಅಪ್ಪೆಮಿಡಿ
ನಾನು ಹೇಳುತ್ತೇನೆ. ಇಡಬಾರದು. ವಾಸ್ತುಗಲ್ಲ, ರಾತ್ರಿ ಎದ್ದು ನೀರು ಕುಡಿಯೋಕೆ ಹೊರಟಾಗ ಎದುರಿಗೆ ಯಾರೋ ನಿಂತಂಗೆ ಆಗಿ ಒಮ್ಮೆ ಎದೆ ಧಸಕ್ ಅಂತು ನನಗೆ.

ಮಲ್ಲಿಗೆ_ದಂಡೆ
ಗುಡುಗು ಸಿಡಿಲಿದ್ದಾಗ ಕನ್ನಡಿಗೆ ಬಟ್ಟೆ ಮುಚ್ಚೋದು ನಮ್ಮಲ್ಲಿ ಈಗಲೂ ಇದೆ. ಅತ್ತೆ ಸೀರೆ ಒಂದು ಅದಕ್ಕೇ ಅಂತ ಮೀಸಲು.

ಎಸ್ಟೇಟ್_ರೈಟರ್
ಬೆಳಕಿನ ಲೆಕ್ಕದಲ್ಲಿ ಹೇಳುತ್ತೇನೆ. ಕಿಟಕಿ ಪಕ್ಕಕ್ಕೆ ಬರುವ ಹಾಗೆ ಇಡಿ, ಕಿಟಕಿ ಬೆನ್ನಿಗೆ ಬಂದರೆ ಮುಖ ಕಪ್ಪು ಕಾಣುತ್ತದೆ. ಆದರೆ ಬಿಸಿಲು ನೇರ ಬೀಳಬಾರದು, ಬೀಟೆ ಬಣ್ಣ ಇಳಿಯುತ್ತದೆ.

ಭದ್ರಾವತಿ_ಕ್ವಾರ್ಟರ್ಸ್
ನಮ್ಮ ಮನೆಯಲ್ಲೂ ಒಂದಿದೆ, ಆದರೆ ಬೇರೆ ಥರ. ನಡುವೆ ದೊಡ್ಡ ಗುಂಡು ಕನ್ನಡಿ, ಎರಡೂ ಕಡೆ ಮೂಲೆ ದುಂಡಗಿರುವ ಡ್ರಾ, ಮಧ್ಯೆ ತಗ್ಗು. ತೇಗ. ಅಜ್ಜ ಕಾರ್ಖಾನೆಯಲ್ಲಿದ್ದಾಗ ಯಾರೋ ಆಫೀಸರ್ ವರ್ಗವಾಗಿ ಹೋಗುವಾಗ ಕೊಂಡಿದ್ದಂತೆ. ಇದಕ್ಕೂ ಬೆಲೆ ಇದೆಯಾ?

ಎಸ್ಟೇಟ್_ರೈಟರ್
ಅದು ಆರ್ಟ್ ಡೆಕೊ ಮಾದರಿ. 1930-40ರ ಹೊತ್ತಿನ ರುಚಿ, ಇಲ್ಲಿ ಆಮೇಲೂ ಬಹಳ ಕಾಲ ಮಾಡಿದರು. ಈಗ ಬೆಂಗಳೂರಿನ ಹುಡುಗರು ಹುಡುಕೋದು ಇಂಥದ್ದನ್ನೇ, ಕೆತ್ತನೆ ಇರುವುದನ್ನಲ್ಲ. ಧೂಳು ಒರೆಸೋಕೆ ಸುಲಭ ಅಲ್ವಾ.

ಬೀಟೆಮರ
ಭದ್ರಾವತಿ ಅಂದ ಕೂಡಲೇ ನೆನಪಾಯಿತು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದಾಗ ಕುಲುಮೆ ಉರಿದಿದ್ದು ಇದ್ದಿಲಿನಿಂದ. ಆ ಇದ್ದಿಲು ಬಂದಿದ್ದು ನಮ್ಮ ಕಾಡಿನಿಂದ. ಎಷ್ಟು ಮರ ಹೊಗೆಯಾಗಿ ಹೋಯಿತೋ. ಈಗ ಒಂದು ಬೀಟೆ ಟೇಬಲ್ ಹಿಡಿದುಕೊಂಡು ಇಷ್ಟು ಜನ ಜಗಳ ಆಡುತ್ತಿದ್ದೇವೆ.

ಭದ್ರಾವತಿ_ಕ್ವಾರ್ಟರ್ಸ್
ಆ ಕಾರ್ಖಾನೆಯಿಂದ ಎಷ್ಟು ಮನೆ ಊಟ ಮಾಡಿದವು ಅನ್ನೋದನ್ನೂ ಸೇರಿಸಿ ಹೇಳಿ. ನನ್ನ ಅಪ್ಪ ಓದಿದ್ದು ಆ ಸಂಬಳದಲ್ಲಿ.

ಬೀಟೆಮರ
ಹೇಳುತ್ತೇನೆ. ಎರಡೂ ನಿಜ.

ಹಿನ್ನೀರು
ಹಾಗೆ ನೋಡಿದರೆ ನಮ್ಮದು ನೀರಿನಲ್ಲಿ ಹೋಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರು ಮುಳುಗುವ ಹೊತ್ತಿಗೆ ನಮ್ಮ ದೊಡ್ಡಜ್ಜ ಮನೆಯ ಕಂಬ, ಬಾಗಿಲು, ತೊಲೆ ಎಲ್ಲ ಬಿಚ್ಚಿ ಗಾಡಿಗೆ ಹೇರಿದರಂತೆ. ಹೊಸ ಜಾಗದಲ್ಲಿ ಮನೆ ಎಬ್ಬಿಸಲು ಅದೇ ಬೇಕಿತ್ತು. ಮೇಜು, ಮಂಚ, ಕಪಾಟು ಹಿಂದುಳಿದವು. ತಂದದ್ದು ಒಂದೇ ಒಂದು ಕನ್ನಡಿ, ಅದೂ ದಾರಿಯಲ್ಲಿ ಬಿರುಕು. ಅದು ಬೆಲ್ಜಿಯಂ ಅಂತ ಮನೆಯವರೆಲ್ಲ ಹೇಳುತ್ತಾ ಬಂದಿದ್ದಾರೆ. ಮೇಷ್ಟ್ರು ಏನೇ ಹೇಳಲಿ, ನಾನೂ ಹಾಗೇ ಹೇಳುತ್ತೇನೆ.

ರಸಾಯನ_ಮೇಷ್ಟ್ರು
ಹೇಳಿ. ಆ ಕನ್ನಡಿಗೆ ನನ್ನ ತಕರಾರಿಲ್ಲ.

ಗೂಡಂಗಡಿ
ಮೂಲ ಪ್ರಶ್ನೆಗೆ ಬನ್ನಿ ಸ್ವಾಮಿ. ಮಾರಿದರೆ ತಪ್ಪೇನು? ಎಲ್ಲರೂ ಭಾವನೆ ಭಾವನೆ ಅಂತೀರಿ. ಮೆತ್ತಿನ ಮೇಲೆ ಗೆದ್ದಲಿಗೆ ಬಿಡೋದಕ್ಕಿಂತ ಬೆಲೆ ಗೊತ್ತಿರುವವನ ಮನೆಗೆ ಹೋಗಲಿ. ನಮ್ಮ ಮನೆಯಲ್ಲಿ ಪಾಲಾಗುವಾಗ ಒಂದು ಬೀಟೆ ಮಂಚಕ್ಕೆ ಇಬ್ಬರು ಅಣ್ಣತಮ್ಮಂದಿರು ಮಾತು ಬಿಟ್ಟರು. ಮಂಚ ಈಗ ಕೊಟ್ಟಿಗೆಯಲ್ಲಿದೆ, ಅದರ ಮೇಲೆ ಅಡಿಕೆ ಚೀಲ. ಮಾರಿ ಹಂಚಿಕೊಂಡಿದ್ದರೆ ಹಬ್ಬಕ್ಕಾದರೂ ಸೇರುತ್ತಿದ್ದರು.

ದುರ್ಗಿಗುಡಿ_ಬಾಯ್
ಮಾರೋದು ತಪ್ಪಲ್ಲ, 15ಕ್ಕೆ ಮಾರೋದು ತಪ್ಪು. ಮನೆ ಬಾಗಿಲಿಗೆ ಬಂದವನಿಗೆ ಮೊದಲ ಸಲಕ್ಕೇ ಹೂಂ ಅನ್ನಬೇಡಿ. ಇಲ್ಲಿಂದ ಎತ್ತಿದ ಮಾಲು ಬೆಂಗಳೂರಿಗೋ, ಕೊಚ್ಚಿಯ ಜ್ಯೂ ಟೌನ್‌ಗೋ ಹೋಗಿ ಕೂತಾಗ ಚೀಟಿಯಲ್ಲಿ ಬೇರೆಯೇ ಬೆಲೆ. ನಾನು ಈ ವ್ಯಾಪಾರದ ಅಂಚಿನಲ್ಲಿ ಸ್ವಲ್ಪ ದಿನ ಇದ್ದವನು. ಅವರು ಏನು ಮಾಡುತ್ತಾರೆ ಗೊತ್ತಾ? ಬಂದವರು ನಿಮ್ಮ ಟೇಬಲ್ ನೋಡೋದೇ ಇಲ್ಲ. ಹಳೇ ಹಂಡೆ, ಕಡಾಯಿ ಕೇಳುತ್ತಾರೆ, ಅದಕ್ಕೆ ಒಳ್ಳೆ ಬೆಲೆ ಕೊಡುತ್ತಾರೆ. ಹೊರಡುವಾಗ "ಆ ಮುರುಕಲು ಟೇಬಲ್‌ನೂ ಹಾಕಿ ಅಮ್ಮ, ಜಾಗ ಖಾಲಿಯಾಗುತ್ತೆ" ಅಂತಾರೆ. ಅವರು ಬಂದದ್ದೇ ಅದಕ್ಕೆ.

ತೋಟದಮನೆ_ಸೊಸೆ
ಅಯ್ಯೋ ರಾಮ. ನಮ್ಮಲ್ಲಿ ಮೊದಲು ಕೇಳಿದ್ದು ತಾಮ್ರದ ಹಂಡೆಯನ್ನೇ!

ಅಪ್ಪೆಮಿಡಿ
😂😂 ಹಂಡೆ ಕೊಟ್ರಾ?

ತೋಟದಮನೆ_ಸೊಸೆ
ಇಲ್ಲ. ಅತ್ತೆ ಅಡ್ಡ ನಿಂತರು.

ಬೀಟೆಮರ
ಕೊಳ್ಳುವವರಿಗೂ ಒಂದು ಮಾತು. ಶಿವಮೊಗ್ಗ, ಬೆಂಗಳೂರು ಎಲ್ಲ ಕಡೆ "150 ವರ್ಷದ ಆಂಟಿಕ್" ಅಂತ ಹೊಸ ಮಾಲು ದಾಟಿಸುತ್ತಾರೆ. ಸ್ಕ್ರೂ ನೋಡಿ. ಪ್ಲಸ್ ಗುರುತಿನ ತಲೆಯ ಸ್ಕ್ರೂ ಅಮೆರಿಕದಲ್ಲಿ ಪೇಟೆಂಟ್ ಆಗಿದ್ದೇ 1930ರ ದಶಕದಲ್ಲಿ. 150 ವರ್ಷದ ಟೇಬಲ್‌ಗೆ ಅದೇ ಇದ್ದರೆ ಒಂದೋ ರಿಪೇರಿ ಆಗಿದೆ, ಇಲ್ಲ ಕಥೆ ಕಟ್ಟಿದ್ದಾರೆ. ಹಿಂಬದಿ ಪ್ಲೈವುಡ್ ಇದ್ದರೂ ಹಾಗೇ. ಡ್ರಾ ಮೂಲೆಯ ಡವ್‌ಟೇಲ್ ಜಾಯಿಂಟ್ (ಹಕ್ಕಿ ಬಾಲದ ಆಕಾರದ ಹಲ್ಲು ಕಡಿದು ಎರಡು ಹಲಗೆ ಕೂಡಿಸಿದ ಜಾಗ) ನೋಡಿ: ಕೈಯಲ್ಲಿ ಕಡಿದದ್ದು ಒಂದರಂತೆ ಒಂದು ಇರಲ್ಲ, ಮೆಷಿನ್‌ನದು ಎಲ್ಲ ಒಂದೇ ಅಳತೆ. ಎಲ್ಲ ಕಡೆ ಒಂದೇ ಸಮ ಕಪ್ಪಾಗಿದ್ದರೆ ಅನುಮಾನ ಪಡಿ. ನಿಜವಾಗಿ ಬಳಸಿದ್ದಾದರೆ ಕೈ ತಾಗುವ ಕಡೆ ಸವೆದಿರುತ್ತದೆ, ಡ್ರಾ ತಳದ ಅಂಚು ತಿಂದಿರುತ್ತದೆ.

ಉಳಿ_ಸುತ್ತಿಗೆ
ನಮ್ಮ ಕಡೆಯೂ ಇದೆ ಆ ಕೆಲಸ. ಹಳೇ ಮನೆ ಕೆಡವಿದ ತೊಲೆ, ಹಲಗೆ ತಂದು ಹೊಸ ಟೇಬಲ್ ಮಾಡುತ್ತಾರೆ. ಮರ ಹಳೇದೇ, ಟೇಬಲ್ ಹೊಸದು. ಹಾಗಂತ ಹೇಳಿ ಮಾರಿದರೆ ಒಳ್ಳೆ ಮಾಲೇ. ಹೇಳದೆ ಮಾರೋದೇ ಮೋಸ.

ಸೋಗೆಮನೆ
ನನ್ನ ಮಗಳು ಅಮೆರಿಕದಲ್ಲಿದ್ದಾಳೆ. ಅಜ್ಜಿಯ ಬೀಟೆ ಕನ್ನಡಿ ಟೇಬಲ್ ಹಡಗಿನಲ್ಲಿ ಕಳಿಸಿ ಅಂತ ಹಟ. ಆಗುತ್ತಾ?

ಎಸ್ಟೇಟ್_ರೈಟರ್
ಸುಮ್ನೆ ಪ್ಯಾಕ್ ಮಾಡಿ ಕಳಿಸೋಕೆ ಆಗಲ್ಲ. 2017ರಿಂದ ಬೀಟೆ ಸೈಟಿಸ್ (ಅಳಿವಿನ ಅಪಾಯದ ಗಿಡ, ಪ್ರಾಣಿಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ) ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಇಡೀ ಟೇಬಲ್ ದೇಶ ದಾಟಬೇಕಾದರೆ ಅದರ ಕಾಗದಪತ್ರ ಬೇಕು. ಇನ್ನೊಂದು, ನೂರು ವರ್ಷ ದಾಟಿದ ಕಲಾವಸ್ತು, ಕರಕುಶಲ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ. ಅಂಥದ್ದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಬಂದರಿನಲ್ಲಿ ಸಿಕ್ಕಿಬಿದ್ದರೆ ಟೇಬಲ್ಲೂ ಇಲ್ಲ, ದುಡ್ಡೂ ಇಲ್ಲ.

ಸೋಗೆಮನೆ
ಮಗಳಿಗೆ ಈ ಪೋಸ್ಟನ್ನೇ ಕಳಿಸಿದೆ. ನನ್ನ ಮಾತು ಕೇಳಲ್ಲ, ನಿಮ್ಮದಾದರೂ ಕೇಳಲಿ.

ಭದ್ರಾವತಿ_ಕ್ವಾರ್ಟರ್ಸ್
ಹಳೇ ಮನೆ, ಹಳೇ ಸಾಮಾನು ಹೇಗೆ ಉಳಿಸಬೇಕು ಅಂತ ನೋಡಬೇಕಾದರೆ ಮಣಿಪಾಲದ ಹೆರಿಟೇಜ್ ವಿಲೇಜ್‌ಗೆ ಒಮ್ಮೆ ಹೋಗಿ ಬನ್ನಿ. ವಿಜಯನಾಥ ಶೆಣೈ ಅವರು ಬೇರೆ ಬೇರೆ ಊರಿನ ಮನೆಗಳನ್ನೇ ಬಿಚ್ಚಿ ತಂದು ಅಲ್ಲಿ ಮತ್ತೆ ಎಬ್ಬಿಸಿದರು. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದರೆ ಆಯಿತು.

ಅಪ್ಪೆಮಿಡಿ
ಮಳೆಗಾಲದಲ್ಲಿ ಘಾಟಿ ಇಳಿಯೋ ಮೊದಲು ರಸ್ತೆ ತೆರೆದಿದೆಯಾ ಕೇಳಿಕೊಳ್ಳಿ.

ಗೂಡಂಗಡಿ
ಅಲ್ಲಿಂದ ಉಡುಪಿಗೆ ಹೋಗಿ ಊಟ ಮಾಡಿ ಬನ್ನಿ, ಟೇಬಲ್ ಎಲ್ಲೂ ಹೋಗಲ್ಲ.

ತೋಟದಮನೆ_ಸೊಸೆ
ಎಲ್ಲರಿಗೂ ಥ್ಯಾಂಕ್ಸ್. ಇಲ್ಲಿವರೆಗೆ ಆಗಿದ್ದು ಹೇಳುತ್ತೇನೆ.

ಸ್ಪಿರಿಟ್ ಪರೀಕ್ಷೆ ಮಾಡಿದೆ, ಅಂಟಂಟಾಯಿತು. ಅಂದರೆ ಅರಗು. ಉಳಿ ಸುತ್ತಿಗೆ ಅಣ್ಣ ಹೇಳಿದಂತೆ ಮೇಲಿನ ಹಲಗೆಯ ಒಂದು ಮೂಲೆಗೆ ಮಾತ್ರ ಬಟ್ಟೆ ಆಡಿಸಿ ನೋಡಿದೆ. ಬಿಳಿ ಹೋಯಿತು! ಒಳಗಿಂದ ಕಪ್ಪು ಗೆರೆ ಎದ್ದು ಬಂದವು. ನಮ್ಮ ಮನೆಯವರು ಪೇಪರ್ ಬಿಟ್ಟು ಎದ್ದು ಬಂದು ನೋಡಿದರು. ಲೋಟದ ಗುರುತು ಮಾತ್ರ ಸ್ವಲ್ಪ ಉಳಿದಿದೆ.

ಆಚಾರ್ರನ್ನು ಕರೆಸಿ ಹಿಂದಿನ ಹಲಗೆ ಮಾತ್ರ ಬದಲಾಯಿಸಿ ಅಂದೆ. ಮೊದಲು ಮುಖ ಸಪ್ಪಗೆ ಮಾಡಿದರು. ಆಮೇಲೆ ಡ್ರಾ ಮೂಲೆ ನೋಡಿ "ಇದು ಕೈಯಲ್ಲಿ ಕಡಿದದ್ದು" ಅಂತ ತುಂಬಾ ಹೊತ್ತು ಅಲ್ಲೇ ಕೂತರು. ಅವರ ಅಪ್ಪನ ಕಾಲದ ಹಲಸಿನ ಹಲಗೆ ಒಂದಿದೆಯಂತೆ, ಅದನ್ನೇ ಹಾಕುತ್ತಾರಂತೆ. ಡ್ರಾ ಬೇಸಿಗೆವರೆಗೆ ಮುಟ್ಟಲ್ಲ. ಕನ್ನಡಿ ಹಾಗೇ ಇರಲಿ.

ಹಳೇ ಸಾಮಾನಿನವರು ಮತ್ತೆ ಫೋನ್ ಮಾಡಿದ್ದರು. 22 ಅಂದರು. ಅತ್ತೆಯೇ ಫೋನ್ ತಗೊಂಡು ಉತ್ತರ ಕೊಟ್ಟರು, ಅದನ್ನು ಇಲ್ಲಿ ಬರೆಯೋಕೆ ಆಗಲ್ಲ.

ದುರ್ಗಿಗುಡಿ_ಬಾಯ್
ಅತ್ತೆಗೆ ನಮ್ಮೆಲ್ಲರ ನಮಸ್ಕಾರ.

ಉಳಿ_ಸುತ್ತಿಗೆ
ಲೋಟದ ಗುರುತಿಗೆ ಗಟ್ಟಿಯಾಗಿ ಉಜ್ಜಬೇಡಿ, ಅರಗು ಪೂರ್ತಿ ಎದ್ದುಬರುತ್ತದೆ. ಹಗುರವಾಗಿ ಆಡಿಸಿ, ಒಂದು ದಿನ ಒಣಗಲು ಬಿಡಿ, ಬೇಕಾದರೆ ಮತ್ತೆ. ಬಿಸಿಲು ಇರುವ ದಿನ ನೋಡಿಯೇ ಮಾಡಿ. ಮಳೆ ಬರುವಾಗ ಮಾಡಿದರೆ ಗಾಳಿಯ ತೇವ ಹಿಡಿದು ಮತ್ತೆ ಬೆಳ್ಳಗಾಗುತ್ತದೆ. ಅದೃಷ್ಟಕ್ಕೆ ಒಂದು ಮೂಲೆ ಸರಿಯಾಗಿದೆ, ಉಳಿದದ್ದಕ್ಕೆ ಅವಸರ ಬೇಡ.

ತೋಟದಮನೆ_ಸೊಸೆ
ನಮ್ಮಲ್ಲಿ ಬಿಸಿಲಾ? ದಸರಾ ಕಳೆಯಲಿ ಹಾಗಾದರೆ.

ಗೂಡಂಗಡಿ
ನನ್ನದೂ ಒಂದು ಪ್ರಶ್ನೆ. ನಮ್ಮಲ್ಲಿ ತೇಗದ ಡ್ರೆಸ್ಸಿಂಗ್ ಟೇಬಲ್ ಇದೆ, ಅಪ್ಪ ಯಾವಾಗಲೋ ಮೇಲೆ ಹಸಿರು ಸನ್ಮೈಕಾ ಅಂಟಿಸಿದ್ದಾರೆ. ಕಿತ್ತರೆ ಮರವೂ ಕಿತ್ತು ಬರುತ್ತಾ?

ಅಪ್ಪೆಮಿಡಿ
ಮಾರಿಬಿಡಿ ಅಂತ ಸಲಹೆ ಕೊಡುತ್ತಿದ್ದವರು ಇವರೇ ಅಲ್ವಾ?

ಉಳಿ_ಸುತ್ತಿಗೆ
ಯಾವ ಗೋಂದು ಹಾಕಿದ್ದಾರೆ ಅನ್ನೋದರ ಮೇಲೆ ಹೋಗುತ್ತದೆ. ಹಳದಿ ರಬ್ಬರ್ ಗೋಂದಾದರೆ ಬಿಸಿಗೆ ಮೆತ್ತಗಾಗುತ್ತದೆ. ಸನ್ಮೈಕಾ ಮೇಲೆ ಹಳೇ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆ ಇಟ್ಟು ಬಿಸಿ ಮಾಡಿ, ಮೂಲೆಯಿಂದ ಚಪ್ಪಟೆ ಪಟ್ಟಿ ತೂರಿಸಿ ಸ್ವಲ್ಪ ಸ್ವಲ್ಪವೇ ಎಬ್ಬಿಸಿ. ಬಿಳಿ ಗೋಂದಾದರೆ ಅಷ್ಟು ಸುಲಭಕ್ಕೆ ಬರಲ್ಲ, ಆಗ ನನಗೆ ಫೋಟೋ ಕಳಿಸಿ. ಎಳೆದು ಕೀಳೋಕೆ ಮಾತ್ರ ಹೋಗಬೇಡಿ.